ಸಿ ಭಾಷೆಗೆ ತಿಥಿ ಮಾಡ್ತಿರೋರಿಗೆ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಟೀ ಕುಡೀತಾ ಹೇಳಿದ: "ರೆಸ್ಯೂಮೆಯಿಂದ ಸಿ ತೆಗೆದುಬಿಟ್ಟೆ ಸರ್. ಅದಿದ್ರೆ ಹಳೇ ಕಾಲದವನ ಥರ ಕಾಣುತ್ತೆ." ಪಕ್ಕದಲ್ಲಿದ್ದ ಸೀನಿಯರ್‌ಗಳು ಹೌದೌದು ಅಂತ ತಲೆಯಾಡಿಸಿದರು. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಅಷ್ಟು ಸಲೀಸಾಗಿ ತಲೆಯಾಡಿಸಿದವರ ಮೇಲೆ.

ಸ್ವಾಮಿ, ಆಗ ಅವನ ಕೈಯಲ್ಲಿದ್ದದ್ದು ಆಂಡ್ರಾಯ್ಡ್ ಫೋನು. ಅದರೊಳಗಿರೋದು ಲಿನಕ್ಸ್ ಕರ್ನಲ್, ಬಹುಪಾಲು ಸಿ. ಅದರಲ್ಲಿ ವಾಟ್ಸಾಪ್ ಮೆಸೇಜುಗಳು ಕೂತಿರೋದು ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ, ಅದೂ ಸಿ. ಬೆಳಗ್ಗೆ ಅವನು ಕೋಡ್ ಕಮಿಟ್ ಮಾಡಿದ ಗಿಟ್, ಸಿ. ಹಗಲಿಡೀ ಬರೆಯೋ ಪೈಥಾನ್ ಇದೆಯಲ್ಲ, ನಾವೆಲ್ಲ ಬಳಸೋ ಅದರ ಇಂಟರ್‌ಪ್ರಿಟರ್ರೇ ಸಿ. 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಕಟ್ಟಿದ ಭಾಷೆ ಇದು. ಮನೆತುಂಬ ಮೊಮ್ಮಕ್ಕಳನ್ನ ಸಾಕ್ತಿರೋ ಅಜ್ಜಿಗೆ ಬದುಕಿರುವಾಗಲೇ ತಿಥಿ ಊಟಕ್ಕೆ ಎಲೆ ಹಾಕಿದ ಹಾಗಾಯ್ತು.

"ಅದೆಲ್ಲ ಕೆಳಗಡೆ ಇದ್ದರೆ ಇರಲಿ, ನಮಗ್ಯಾಕೆ?" ಅಂತೀರಾ. ಯಾಕೆ ಅಂತ ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಕೆಲವು ವರ್ಷದ ಹಿಂದೆ ನನ್ನದೊಂದು ಪೈಥಾನ್ ಸರ್ವಿಸ್ ಮೆಮೊರಿ ಸಾಲದೆ ಪದೇ ಪದೇ ಬೀಳ್ತಿತ್ತು. ಬಿದ್ದಾಗಲೆಲ್ಲ ಇನ್ನೂ ದೊಡ್ಡ ಮಷಿನ್ ತಗೊಂಡೆ. ಕ್ಲೌಡ್ ಬಿಲ್ ಏರಿತು, ಸರ್ವಿಸ್ ಮತ್ತೆ ಬಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು ಬಂದು ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಒಂದು ಸಂಖ್ಯೆ ಎಷ್ಟು ಬೈಟ್ ತಿನ್ನುತ್ತೆ?" ನನಗೆ ಗೊತ್ತಿರಲಿಲ್ಲ. ಆರು ವರ್ಷದ ಅನುಭವ, ಗೊತ್ತಿರಲಿಲ್ಲ!

ಲೆಕ್ಕ ಇಷ್ಟೇ. ಸಿಯಲ್ಲಿ ಒಂದು ಇಂಟ್ ಸಾಮಾನ್ಯವಾಗಿ 4 ಬೈಟ್. ಪೈಥಾನ್ ಲಿಸ್ಟಿನಲ್ಲಿ ಅದೇ ಸಂಖ್ಯೆಗೆ 28 ಬೈಟಿನ ಒಂದು ಆಬ್ಜೆಕ್ಟು, ಅದನ್ನ ತೋರಿಸೋಕೆ 8 ಬೈಟಿನ ವಿಳಾಸ; ಒಟ್ಟು 36. ಒಂದು ಕೋಟಿ ಸಂಖ್ಯೆಗೆ ಅಲ್ಲಿ 40 ಎಂಬಿ, ಇಲ್ಲಿ 360 ಎಂಬಿ. ನಾನು ಅಂಥ ಲಿಸ್ಟಿನ ಮೂರು ಪ್ರತಿ ಇಟ್ಟುಕೊಂಡು ಕೂತಿದ್ದೆ. ನಂಪೈ ಅರೇಗೆ ಬದಲಾಯಿಸಿದ ಮೇಲೆ ಹಳೇ ಸಣ್ಣ ಮಷಿನ್ನೇ ಸಾಕಾಯ್ತು. ಆ ನಂಪೈ ಒಳಗಡೆ ಏನಿದೆ ಅಂತ ಬೇರೆ ಹೇಳಬೇಕಾ?

ಹಾಗಾದ್ರೆ ಸಿ ಅಂದ್ರೆ ನಮಗೆ ಯಾಕೆ ಅಲರ್ಜಿ? ಕಾಲೇಜ್ ಲ್ಯಾಬು ನೆನಪಿಸಿಕೊಳ್ಳಿ. ನೀಲಿ ಪರದೆಯ ಟರ್ಬೊ ಸಿ, ಅದನ್ನ ಓಡಿಸೋಕೆ ಡಾಸ್‌ಬಾಕ್ಸ್. ವಾಯ್ಡ್ ಮೇನ್, ಕ್ಲಿಯರ್ ಸ್ಕ್ರೀನ್, ಗೆಟ್‌ಸಿಎಚ್. 32767 ದಾಟಿದರೆ ಉತ್ತರ ಮೈನಸ್ಸು. ಯಾಕೆ ಅಂತ ಕೇಳಿದ್ರೆ "ಎಕ್ಸಾಮಿಗೆ ಬರಲ್ಲ". ಇಂಟ್ ಅಲ್ಲಿ ಬರೀ 2 ಬೈಟ್ ಅಂತ ಆ ಕ್ಷಣ ಒಬ್ಬರು ಹೇಳಿದ್ದರೆ, ಆರು ವರ್ಷ ಆದ ಮೇಲೆ ನಾನು ತಲೆ ತಗ್ಗಿಸಬೇಕಿರಲಿಲ್ಲ. ಪಾಯಿಂಟರ್ ಏನು ಅಂತ ತಿಳಿಯದೆಯೇ ಪಾಯಿಂಟರ್ ಪ್ರೋಗ್ರಾಮನ್ನ ರೆಕಾರ್ಡ್ ಬುಕ್ಕಿಗೆ ನೀಟಾಗಿ ಕಾಪಿ ಮಾಡಿದೋರು ನಾವು. ನಾವು ದ್ವೇಷಿಸೋದು ಸಿಯನ್ನಲ್ಲ, ಆ ಲ್ಯಾಬನ್ನ.

ಸಿ ಅಪಾಯಕಾರಿ ಅನ್ನೋ ವಾದ ಮಾತ್ರ ನಿಜ, ಅದನ್ನ ಒಪ್ಪಲೇಬೇಕು. 2014ರ ಹಾರ್ಟ್‌ಬ್ಲೀಡ್ ನೋಡಿ. ಎದುರಿನವನು ಹೇಳಿದ ಉದ್ದವನ್ನ ಪರೀಕ್ಷಿಸದೆ ನಂಬಿದ್ದಕ್ಕೆ, ಓಪನ್‌ಎಸ್‌ಎಸ್‌ಎಲ್ ಬಳಸಿದ ಸರ್ವರುಗಳ ಮೆಮೊರಿ ಸಲಕ್ಕೆ 64 ಕಿಲೋಬೈಟ್‌ವರೆಗೆ ಸೋರಿತು. ಲಿನಕ್ಸ್ ಕೂಡ 2022ರ ಡಿಸೆಂಬರಿನಲ್ಲಿ, 6.1ನೇ ಆವೃತ್ತಿಗೆ, ರಸ್ಟ್ ಭಾಷೆಯನ್ನ ಒಳಗೆ ಬಿಟ್ಟುಕೊಂಡಿತು. ಒಳ್ಳೇದೇ ಆಯ್ತು. ಇಂಟರ್ನೆಟ್ಟಿಗೆ ಮುಖ ಮಾಡಿ ನಿಲ್ಲೋ ಹೊಸ ಕೋಡನ್ನ ಇವತ್ತು ಸಿಯಲ್ಲಿ ಶುರುಮಾಡಿ ಅಂತ ನಾನಂತೂ ಹೇಳಲ್ಲ. ಆದರೆ ರಸ್ಟ್ ನಿಮ್ಮನ್ನ ಯಾವುದರಿಂದ ಕಾಪಾಡ್ತಿದೆ? ಈ ಮೆಮೊರಿ ಯಾರದ್ದು, ಯಾವಾಗ ಬಿಡಬೇಕು, ಬಿಟ್ಟ ಮೇಲೆ ಮುಟ್ಟಿದರೆ ಏನಾಗುತ್ತೆ? ಇವು ಸಿ ಕೇಳೋ ಪ್ರಶ್ನೆಗಳೇ. ಪ್ರಶ್ನೆ ಗೊತ್ತಿಲ್ಲದವನು ರಸ್ಟ್ ಕಂಪೈಲರ್ ಬೈದಾಗ ಅರ್ಥವಾಗದೆ ಎಲ್ಲದಕ್ಕೂ ಕ್ಲೋನ್ ಮಾಡ್ತಾ ಹೋಗ್ತಾನೆ. ಆ ರಸ್ಟ್ ಕೋಡು ಪೈಥಾನ್ ಜೊತೆ ಮಾತಾಡಬೇಕಾದರೂ ನಡುವೆ ನಡೆಯೋದು ಸಿಯ ಒಪ್ಪಂದವೇ.

ಸಿಯಲ್ಲೇ ಕೆಲಸ ಹುಡುಕಿ ಅಂತ ನಾನು ಹೇಳ್ತಿಲ್ಲ. ನಾಲ್ಕು ವೀಕೆಂಡ್ ಕೊಡಿ, ಸಾಕು. ಟರ್ಬೊ ಸಿ ಮರೆತು ಜಿಸಿಸಿ ಹಾಕಿಕೊಳ್ಳಿ. ಒಂದು ಲಿಂಕ್ಡ್ ಲಿಸ್ಟ್ ಬರೀರಿ. ಮ್ಯಾಲಕ್ ಮಾಡಿ, ಫ್ರೀ ಮಾಡಿ, ಫ್ರೀ ಮಾಡಿದ್ದನ್ನ ಬೇಕಂತಲೇ ಮತ್ತೆ ಮುಟ್ಟಿ. ಅಡ್ರೆಸ್ ಸ್ಯಾನಿಟೈಸರ್ ಆನ್ ಮಾಡಿದ್ದರೆ ಎಲ್ಲಿ ಎಡವಿದಿರಿ ಅಂತ ಸಾಲಿನ ಸಮೇತ ಕಿರುಚುತ್ತೆ. ಎಐ ಹತ್ತು ಸೆಕೆಂಡಿನಲ್ಲಿ ಕೋಡ್ ಬರೆದುಕೊಡೋ ಈ ಕಾಲದಲ್ಲಿ, ಅದು ಬರೆದದ್ದು ರಾತ್ರಿ ಎರಡಕ್ಕೆ ಬಿದ್ದಾಗ ಎದ್ದು ಕೂರೋದು ನೀವೇ ತಾನೇ?

ಹುಡುಗನಿಗೆ ಆ ಸಾಲನ್ನ ರೆಸ್ಯೂಮೆಗೆ ವಾಪಸ್ ಹಾಕು ಅಂತ ನಾನು ಹೇಳಲಿಲ್ಲ. ಆ ಒಂದು ಪ್ರಶ್ನೆ ಮಾತ್ರ ಕೇಳಿದೆ: "ಒಂದು ಸಂಖ್ಯೆ ಎಷ್ಟು ಬೈಟ್ ತಿನ್ನುತ್ತೆ?" ಅವನು ತಕ್ಷಣ ಫೋನ್ ತೆಗೆದು ಹುಡುಕೋಕೆ ಶುರುಮಾಡಿದ. ತಲೆಯಾಡಿಸಿದ್ದ ಸೀನಿಯರ್‌ಗಳು ಯಾಕೋ ಟೀ ಲೋಟದೊಳಗೆ ನೋಡ್ತಾ ನಿಂತಿದ್ದರು.