ಬ್ಯಾಟರಿ ಬದಲಿಸೋ ಮುಂಚೆ ಹೊಗೆ ನೋಡಿ

ನವೆಂಬರ್ ಬಂತು ಅಂದ್ರೆ ನಮ್ಮ ಪೇಜಿನ ತುಂಬ ಬಾವುಟದ ಫೋಟೋಗಳು. ನೀಲಗಿರಿ ಕಡೆ ಗಾಡಿ ಓಡಿಸೋ ನಮ್ಮ ಹುಡುಗರಿಗೆ ಅದೇ ಹೊತ್ತಿಗೆ ಇನ್ನೊಂದು ತಲೆನೋವು ಶುರುವಾಗುತ್ತೆ. ಬೆಳಗಿನ ಜಾವ ಗಾಡಿ ಸ್ಟಾರ್ಟ್ ಆಗೋಲ್ಲ. ಡಿಸೆಂಬರ್, ಜನವರಿಯಲ್ಲಿ ಊಟಿ ಸುತ್ತ ಹುಲ್ಲೆಲ್ಲ ಹಿಮ ಬಿದ್ದು ಬೆಳ್ಳಗಿರುತ್ತೆ. ಕ್ಯಾರೆಟ್, ಬೀಟ್ರೂಟ್, ಕೋಸು ತುಂಬಿದ ಗಾಡಿ ಹೊತ್ತಿಗೆ ಸರಿಯಾಗಿ ಘಾಟಿ ಇಳಿದು ಮೆಟ್ಟುಪಾಳ್ಯಂ ಮಂಡಿ ಸೇರಬೇಕು. ತಡವಾದ್ರೆ ರೇಟೂ ಹೋಯ್ತು, ಮುಂದಿನ ಬಾಡಿಗೆಯೂ ಹೋಯ್ತು.

ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕ್ ಗುಮಾಸ್ತ. ಆದರೆ ಗಾಡಿ ಸಾಲದ ಕಂತು ತಪ್ಪಿದವರು ಬಂದು ನಿಲ್ಲೋದು ನನ್ನ ಕೌಂಟರ್ ಮುಂದೆಯೇ. ಹೋದ ಚಳಿಗಾಲದಲ್ಲಿ ಹಾಗೆ ನಿಂತವನು ನಮ್ಮ ಚಿಕ್ಕಪ್ಪನ ಮಗ. ತಾಳವಾಡಿ ಹುಡುಗ, ಊಟಿಯಲ್ಲಿ ಹಳೇ ಡೀಸೆಲ್ ಗೂಡ್ಸ್ ಗಾಡಿ ಓಡಿಸ್ತಾನೆ. ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂತ ಮೊದಲು ಹೊಸ ಬ್ಯಾಟರಿ ಹಾಕಿಸಿದ. ಆಗ್ಲಿಲ್ಲ. ಸೆಲ್ಫ್ ಮೋಟರ್ ಬಿಚ್ಚಿಸಿದ. ಆಗ್ಲಿಲ್ಲ. ಆಮೇಲೆ ಪಂಪ್ ಕೆಲಸಕ್ಕೆ ಬಿಟ್ಟ. ಎರಡು ತಿಂಗಳ ಕಂತಿನ ದುಡ್ಡು ಅಲ್ಲಿಗೆ ಮುಗೀತು. ಕೊನೆಗೆ ವಯಸ್ಸಾದ ಒಬ್ಬ ಮೇಸ್ತ್ರಿ ಫೋನಿನಲ್ಲೇ ಕೇಳಿದ್ದು ಇಷ್ಟು: "ಸೆಲ್ಫ್ ಜೋರಾಗಿ ತಿರುಗುತ್ತಾ? ಹೊಗೆ ಬರುತ್ತಾ? ಯಾವ ಬಣ್ಣ?" ನೋಡಿದ್ರೆ ನಾಲ್ಕು ಹೀಟರ್ ಪ್ಲಗ್‌ಗಳಲ್ಲಿ ಮೂರು ಸುಟ್ಟುಹೋಗಿದ್ವು. ಒಂದೊಂದಕ್ಕೆ ಕೆಲವು ನೂರು ರೂಪಾಯಿ, ಅಷ್ಟೇ.

ಅವನಿಗೆ ತಮಿಳು ಬರೋಲ್ಲ ಅಂತೇನಲ್ಲ, ನನಗಿಂತ ಚೆನ್ನಾಗಿ ಬರುತ್ತೆ. ಅವನ ಹತ್ರ ಇದ್ದದ್ದು "ಸ್ಟಾರ್ಟ್ ಆಗ್ತಿಲ್ಲ" ಅನ್ನೋ ಒಂದೇ ಮಾತು. ಆ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಅದನ್ನ ಬಿಡಿಸಿ ಹೇಳೋದನ್ನ ಅವನಿಗೆ ಕನ್ನಡದಲ್ಲೂ ಯಾರೂ ಕಲಿಸಿರಲಿಲ್ಲ. ಅದಕ್ಕೇ ಇದನ್ನ ಇಲ್ಲಿ ಬರೀತಿದ್ದೀನಿ.

ಡೀಸೆಲ್ ಇಂಜಿನ್‌ಗೆ ಪೆಟ್ರೋಲ್ ಗಾಡಿ ಥರ ಕಿಡಿ ಇಲ್ಲ. ಗಾಳಿಯನ್ನ ಒತ್ತಿ ಒತ್ತಿ ಬಿಸಿ ಮಾಡುತ್ತೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಚಳಿ ಮೂರು ಕಡೆಯಿಂದ ಕೈ ಕೊಡುತ್ತೆ: ಬ್ಯಾಟರಿ ಶಕ್ತಿ ಕುಗ್ಗುತ್ತೆ, ಆಯಿಲ್ ಗಟ್ಟಿಯಾಗಿ ಇಂಜಿನ್ ನಿಧಾನ ತಿರುಗುತ್ತೆ, ಒತ್ತಿದ ಗಾಳಿಯ ಬಿಸಿಯನ್ನ ತಣ್ಣಗಿರೋ ಕಬ್ಬಿಣ ಹೀರಿಕೊಳ್ಳುತ್ತೆ. ಹಾಗಾಗಿ ಈ ಕ್ರಮದಲ್ಲಿ ನೋಡಿ.

ಒಂದು, ಸೆಲ್ಫ್ ಎಳೆದೂ ಎಳೆದೂ ನಿಧಾನ ತಿರುಗಿದ್ರೆ ತೊಂದರೆ ಕರೆಂಟಿನದು, ಇಲ್ಲಾ ಆಯಿಲಿನದು. 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ರೆ ಸುಮ್ಮನಿದ್ದಾಗ ಸುಮಾರು 12.6 ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.5ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಮೇಲೆ ಅನುಮಾನ ಪಡಿ. ದುಡ್ಡು ಹಾಕೋ ಮುಂಚೆ ಟರ್ಮಿನಲ್ ಮೇಲಿನ ಬೂಷ್ಟು ಉಜ್ಜಿ, ಅರ್ತ್ ವೈರ್ ಬಿಗಿ ಮಾಡಿ. ಸೆಲ್ಫ್ ಹೊಡೆದ ಮೇಲೆ ಟರ್ಮಿನಲ್ ಬಿಸಿಯಾಗಿದ್ರೆ ಸಂಪರ್ಕ ಸರಿ ಇಲ್ಲ ಅಂತ ಅರ್ಥ. ಕಂಪನಿ ಹೇಳಿದ ದರ್ಜೆಗಿಂತ ದಪ್ಪ ಆಯಿಲ್ ಹಾಕಿದ್ದೀರಾ ಅಂತಲೂ ನೋಡಿ.

ಎರಡು, ಸೆಲ್ಫ್ ಜೋರಾಗಿ ತಿರುಗುತ್ತೆ, ಸೈಲೆನ್ಸರ್‌ನಿಂದ ಹೊಗೆಯೇ ಇಲ್ಲ. ಅಂದ್ರೆ ಇಂಜಿನ್ನಿಗೆ ಡೀಸೆಲ್ ತಲುಪ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಲೈನು ಏರ್ ತಗೊಂಡಿರಬಹುದು. ಹ್ಯಾಂಡ್ ಪಂಪ್ ಇರೋ ಗಾಡಿಯಾದ್ರೆ ಬೆಳಗ್ಗೆ ಮೊದಲು ಅದನ್ನ ಗಟ್ಟಿಯಾಗೋ ತನಕ ಒತ್ತಿ. ಆಮೇಲೆ ಒಂದೇ ಏಟಿಗೆ ಸ್ಟಾರ್ಟ್ ಆದ್ರೆ, ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳೀತಿದೆ. ಪೈಪು, ವಾಷರ್ ಎಲ್ಲೋ ಗಾಳಿ ಎಳೀತಿದೆ, ಹುಡುಕಿ. ಡೀಸೆಲ್ ಮೇಣಗಟ್ಟೋದನ್ನ ಕೊನೆಗೆ ಅನುಮಾನಿಸಿ. ಲಡಾಖಿನ ಚಳಿಗೆಂದು ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿ ತಡೆಯೋ ಬೇರೆ ಡೀಸೆಲನ್ನೇ ತಂದಿತು. ನಮ್ಮದು ಆ ಚಳಿ ಅಲ್ಲ.

ಮೂರು, ಜೋರಾಗಿ ತಿರುಗುತ್ತೆ, ಕಣ್ಣುರಿಯೋ ಬಿಳಿ ಹೊಗೆ ಬರುತ್ತೆ, ಹಸಿ ಡೀಸೆಲ್ ವಾಸನೆ. ಡೀಸೆಲ್ ಬರ್ತಿದೆ, ಹೊತ್ತಿಕೊಳ್ತಿಲ್ಲ. ಹೀಟರ್ ಪ್ಲಗ್ ಇರೋ ಗಾಡಿಯಾದ್ರೆ ಮೊದಲು ಅಲ್ಲೇ ನೋಡಿ. ಕೀ ತಿರುಗಿಸಿದಾಗ ಪ್ಲಗ್‌ಗೆ ಕರೆಂಟ್ ಬರ್ತಿದೆಯಾ? ಬರದಿದ್ರೆ ಫ್ಯೂಸ್, ರಿಲೇ. ಬಂದ್ರೆ ವೈರ್ ಬಿಚ್ಚಿ ಒಂದೊಂದೇ ಪ್ಲಗ್‌ಗೆ ಮೀಟರ್ ಹಿಡಿಸಿ. ಓಮ್ ತೋರಿಸದೆ ಓಪನ್ ಅಂದ್ರೆ ಅದು ಸತ್ತಿದೆ. ಪ್ಲಗ್ ಸರಿ ಇದ್ರೆ ನಾಝಲ್, ಟೈಮಿಂಗ್, ಕಂಪ್ರೆಷನ್. ಬಿಸಿ ಇಂಜಿನ್ ಕೂಡ ಮಧ್ಯಾಹ್ನ ಇದೇ ಥರ ಸತಾಯಿಸಿದ್ರೆ ಚಳಿಯನ್ನ ಬೈಬೇಡಿ, ಇಂಜಿನ್ ಒಳಗಿನ ಸವೆತವೂ ಇರಬಹುದು.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆ ಆಗದಿದ್ರೆ ನಾವು ಇಡೀ ಲೆಡ್ಜರ್ ಹೊಸದಾಗಿ ಬರೆಯೋಲ್ಲ. ಎಲ್ಲಿವರೆಗೆ ಸರಿ ಇದೆ ಅಂತ ನೋಡ್ಕೊಂಡು ಬರ್ತೀವಿ. ಗಾಡಿಗೂ ಅದೇ ಲೆಕ್ಕ.

ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಹುಡುಗರು ರಾತ್ರಿ ಗಾಡಿಯನ್ನ ಇಳಿಜಾರಲ್ಲಿ ನಿಲ್ಲಿಸಿ, ಬೆಳಗ್ಗೆ ಗೇರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡ್ತಾರೆ. ಇಂಜಿನ್ ಓಡದೆ ಇದ್ರೆ ಬ್ರೇಕಿಗೆ ಸಿಗೋ ಸಹಾಯ ಇರೋಲ್ಲ, ಪವರ್ ಸ್ಟೀರಿಂಗ್ ಕಲ್ಲಾಗುತ್ತೆ. ಲೋಡ್ ತುಂಬಿದ ಗಾಡಿ, ಮಂಜು, ಕೆಳಗೆ ತಿರುವು. ಇದು ಜಾಣತನ ಅಲ್ಲ. ಟ್ಯಾಂಕಿನ ಕೆಳಗೆ ಬೆಂಕಿ ಹಾಕೋದು, ಹೀಟರ್ ಇರೋ ಗಾಡಿಗೆ ಈಥರ್ ಸ್ಪ್ರೇ ಹೊಡೆಯೋದು ಕೂಡ ಪ್ರಾಣದ ಜೊತೆ ಆಟ. ಬಿಎಸ್ 6 ಗಾಡಿಯಾದ್ರೆ ನಾಝಲ್ ಪೈಪ್‌ಗಳನ್ನ ನೀವೇ ಸಡಿಲಿಸಬೇಡಿ, ಅದರೊಳಗಿನ ಒತ್ತಡ ಚರ್ಮ ಸೀಳುತ್ತೆ.

ಭಾಷೆಯ ಪೇಜಿನಲ್ಲಿ ಹೀಟರ್ ಪ್ಲಗ್ ಯಾಕೆ ಅಂತ ಕೆಲವರು ಕೇಳಬಹುದು. ಶಾಲೆ, ಬೋರ್ಡು, ಸರ್ಟಿಫಿಕೇಟು ಅಂತ ನಾವು ಹೋರಾಡೋದು ಸರಿಯೇ, ಅದು ನಿಲ್ಲಬಾರದು. ಆದರೆ ಕನ್ನಡ ಬರೀ ಮನೆಯ ಮಾತು, ಮೆರವಣಿಗೆಯ ಮಾತು ಆಗಿ ಉಳಿದ್ರೆ, ದುಡಿಯೋ ಹುಡುಗ ಅದನ್ನ ಗ್ಯಾರೇಜಿನ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗ್ತಾನೆ. ಒಂದು ದಿನ ವಾಪಸ್ ತಗೊಳ್ಳೋದನ್ನ ಮರೀತಾನೆ. ಅವನ ಕಂತು ಉಳಿಸಿದ ಮಾತನ್ನ ಅವನು ಮರೆಯೋಲ್ಲ. "ಸೆಲ್ಫ್", "ನಾಝಲ್" ಇಂಗ್ಲಿಷಿನಿಂದ ಬಂದಿದ್ರೂ ಪರವಾಗಿಲ್ಲ, ಯೋಚನೆ ಕನ್ನಡದಲ್ಲಿ ನಡೀಲಿ.

ಒಂದು ಕೆಲಸ ಮಾಡಿ. ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಮೂರು ಸಾಲು ಬರೆದು ಡ್ಯಾಶ್‌ಬೋರ್ಡಿನಲ್ಲಿ ಇಡಿ: ತಿರುಗುವ ವೇಗ, ಹೊಗೆ, ಹೊಗೆಯ ಬಣ್ಣ. ಗ್ಯಾರೇಜಿಗೆ ಫೋನ್ ಮಾಡೋ ಮುಂಚೆ ಅದನ್ನ ನೋಡಿ. ನಿಮ್ಮಲ್ಲಿ ಮೆಕ್ಯಾನಿಕ್‌ಗಳಿದ್ರೆ ನಾನು ತಪ್ಪಿದ ಕಡೆ ತಿದ್ದಿ, ಬಿಟ್ಟದ್ದನ್ನ ಸೇರಿಸಿ. ಕಾಸರಗೋಡಿನಲ್ಲಿ ದೋಣಿ ಇಂಜಿನ್ ಬಿಚ್ಚೋರು, ಜತ್ತದಲ್ಲಿ ಬೋರ್‌ವೆಲ್ ಮೋಟರ್ ಕಟ್ಟೋರು ನಿಮ್ಮ ನಿಮ್ಮ ಕೆಲಸದ ಬಗ್ಗೆ ಹೀಗೇ ಬರೀರಿ. ಚಿಕ್ಕಪ್ಪನ ಮಗ ಈ ಸಲ ಅಕ್ಟೋಬರ್‌ನಲ್ಲೇ ಪ್ಲಗ್ ನೋಡಿಸಿದ್ದಾನೆ. ಕಂತೂ ಕಟ್ಟಿದ್ದಾನೆ.