ಗುಳೆ ಹೋಗುವ ಮಕ್ಕಳ ಹಕ್ಕು

ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಬ್ರಿಟಿಷ್ ಭಾರತದ ಶಾಸನಸಭೆಯ ಮುಂದಿಟ್ಟ ಪ್ರಾಥಮಿಕ ಶಿಕ್ಷಣದ ಮಸೂದೆಯು ಮರುವರ್ಷವೇ ಬಿದ್ದುಹೋಯಿತಾದರೂ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಮೈಸೂರು ಸಂಸ್ಥಾನವು ಅದೇ ಆಶಯವನ್ನು 1913ರಲ್ಲಿ ಕಾಯಿದೆಯ ರೂಪಕ್ಕೆ ತಂದಿತೆಂಬುದು ನಾವು ಅಭಿಮಾನಪಡತಕ್ಕ ಸಂಗತಿ. ಹದಿನಾಲ್ಕು ವರ್ಷ ತುಂಬುವವರೆಗಿನ ಸಮಸ್ತ ಬಾಲಕ ಬಾಲಿಕೆಯರಿಗೂ ಉಚಿತ ಶಿಕ್ಷಣವನ್ನೊದಗಿಸಲು ಪ್ರಭುತ್ವವು ಹತ್ತು ವರ್ಷಗಳೊಳಗೆ, ಎಂದರೆ 1960ರ ವೇಳೆಗೆ, ಯತ್ನಿಸತಕ್ಕದ್ದೆಂದು ಸಂವಿಧಾನದ 45ನೆಯ ವಿಧಿಯು ನಿರ್ದೇಶಿಸಿತ್ತು. ಆ ಗಡುವು ಕಳೆದು ನಾಲ್ಕು ದಶಕಗಳುರುಳಿದ ಬಳಿಕ, 2002ರ 86ನೆಯ ತಿದ್ದುಪಡಿಯಿಂದ 21-ಎ ವಿಧಿಯು ಸೇರಿ, ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವು ಮೂಲಭೂತ ಹಕ್ಕೆನಿಸಿತು. ಅದನ್ನು ಕಾರ್ಯಗತಗೊಳಿಸುವ 2009ರ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು.

ಈ ಕಾಯಿದೆಯ ಪ್ರಸ್ತಾಪ ಬಂದಾಗಲೆಲ್ಲ ನಗರವಾಸಿಗಳಾದ ನಾವು ಖಾಸಗಿ ಶಾಲೆಗಳಲ್ಲಿನ ಶೇಕಡಾ 25ರಷ್ಟು ಸೀಟುಗಳನ್ನು ಕುರಿತೇ ಚರ್ಚಿಸುತ್ತೇವೆ. ಆ ವಿವಾದವೂ ಅಲಕ್ಷಿಸತಕ್ಕದ್ದಲ್ಲ. ಆದರೆ ಯಾವ ಶಾಲೆಯ ಬಾಗಿಲಿಗೂ ಬಂದು ನಿಲ್ಲಲಾರದ ಮಗುವಿನ ಮಾತು ನಮ್ಮ ಚರ್ಚೆಯಲ್ಲಿ ಬರುವುದು ತೀರ ಅಪರೂಪ. ಮುಂಗಾರಿನ ಪೈರು ಕೈಸೇರಿದ ಮೇಲೆ, ಇಲ್ಲವೆ ಮಳೆ ಕೈಕೊಟ್ಟಾಗ, ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯ ಹಳ್ಳಿಗಳಿಂದ ಬಡ ಕುಟುಂಬಗಳು ಬುತ್ತಿ, ಪಾತ್ರೆ, ಹಾಸಿಗೆಗಳೊಡನೆ ಗುಳೆ ಹೊರಟು ಬೆಂಗಳೂರಿಗೂ ಮುಂಬಯಿಗೂ ತೆರಳುತ್ತವೆ. ಊರಿನ ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗಿದರೆ, ಪಕ್ಕದಲ್ಲಿ ಕುಳಿತ ಗೆಳೆಯ “ಗುಳೇ ಹೋಗ್ಯಾನ್ರೀ ಸರ” ಎಂದು ಉತ್ತರಿಸುತ್ತಾನೆ. ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಮಗುವಾದರೋ ನೂರಾರು ಮೈಲಿಗಳಾಚೆ, ಅರ್ಧ ಎದ್ದ ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ, ತಾಯಿ ಜಲ್ಲಿ ಹೊರುವಷ್ಟು ಹೊತ್ತು, ಹಳೆಯ ಸೀರೆಯ ಜೋಳಿಗೆಯಲ್ಲಿ ಮಲಗಿದ ತಮ್ಮನನ್ನು ತೂಗುತ್ತಿರುತ್ತದೆ.

ಇಂಥ ಮಗುವನ್ನು ಶಾಸನವು ಮರೆತಿಲ್ಲವೆಂಬುದೇ ನನಗೆ ಅತ್ಯಂತ ವ್ಯಥೆಯನ್ನುಂಟುಮಾಡುವ ವಿಷಯ. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು 2009ರ ಆ ಕಾಯಿದೆಯ 9ನೆಯ ಪ್ರಕರಣವು ಸ್ಪಷ್ಟವಾಗಿ ನುಡಿದಿದೆ. ತನ್ನ ಎಲ್ಲೆಯೊಳಗೆ ವಾಸವಾಗಿರುವ ಹದಿನಾಲ್ಕರವರೆಗಿನ ಮಕ್ಕಳ ದಾಖಲೆಯನ್ನಿಡುವ ಹೊಣೆಯನ್ನೂ ಅದಕ್ಕೇ ವಹಿಸಿದೆ. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ಪುರಾವೆಯಿಲ್ಲವೆಂದಾಗಲಿ ಮಗುವನ್ನು ಹಿಂದಕ್ಕೆ ಕಳುಹುವಂತಿಲ್ಲ. ಕಲಿಕೆಯಲ್ಲಿ ಹಿಂದುಳಿದಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿಯನ್ನು ಕೊಡಬೇಕು. ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಶ್ನೆಯನ್ನು ನಮ್ಮ ಉಚ್ಚ ನ್ಯಾಯಾಲಯವು 2013ರಲ್ಲಿ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡದ್ದೂ ಉಂಟು. ಟೆಂಟ್ ಶಾಲೆಗಳನ್ನು ನಡೆಸಿದ ಅನುಭವವೂ ನಮ್ಮ ರಾಜ್ಯಕ್ಕಿದೆ. ಇಷ್ಟಿದ್ದೂ ಕಾಮಗಾರಿಯ ಶೆಡ್ಡುಗಳೊಳಗೆ ಇಣುಕಿ ಮಕ್ಕಳನ್ನೆಣಿಸುವ ಕಾರ್ಯವು ಯಾವ ಅಧಿಕಾರಿಯ ನಿತ್ಯದ ಕೆಲಸವೂ ಆಗಿಲ್ಲ.

ಮಕ್ಕಳನ್ನು ಶಾಲೆ ಬಿಡಿಸಿ ಕರೆದೊಯ್ಯುವ ತಂದೆತಾಯಿಗಳದೇ ದೋಷವೆನ್ನುವವರಿದ್ದಾರೆ. ಊರಿನಲ್ಲಿ ಅಜ್ಜ ಅಜ್ಜಿಯರಿಲ್ಲದ ಮನೆಯವರು ಎಂಟು ವರ್ಷದ ಹುಡುಗಿಯನ್ನು ಯಾರ ವಶದಲ್ಲಿ ಬಿಟ್ಟು ಹೋಗಬೇಕು? ದಾಖಲಾತಿ, ಹಾಜರಾತಿ ಮತ್ತು ಎಂಟನೆಯ ತರಗತಿಯವರೆಗಿನ ಶಿಕ್ಷಣದ ಪೂರೈಕೆ, ಈ ಮೂರರ ಹೊಣೆಯನ್ನೂ ಕಾಯಿದೆಯು ಸರಕಾರದ ಮೇಲೆ ಹೊರಿಸಿರುವಾಗ, ಕೂಲಿಗಾಗಿ ಊರು ಬಿಟ್ಟವರನ್ನು ದೂಷಿಸುವುದು ನ್ಯಾಯವಲ್ಲ.

ಕಟ್ಟಡಕ್ಕೆ ಪರವಾನಗಿ ಕೊಡುವಾಗ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣವೆಚ್ಚದ ಶೇಕಡಾ 1ರಷ್ಟು ಸೆಸ್ ಅನ್ನು ವಸೂಲು ಮಾಡುವ ವ್ಯವಸ್ಥೆ ಈಗಾಗಲೇ ಇದೆ. ಆ ಕಡತದಲ್ಲಿಯೇ, ಕೆಲಸದ ಸ್ಥಳದಲ್ಲಿ ವಾಸಿಸುವ ಮಕ್ಕಳ ಹೆಸರು, ವಯಸ್ಸು, ಊರಿನ ಶಾಲೆ ಇವಿಷ್ಟನ್ನೂ ಪ್ರತಿ ತಿಂಗಳು ಗುತ್ತಿಗೆದಾರನಿಂದ ಬರೆಯಿಸಿ, ಸಮೀಪದ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕಳುಹಿಸುವಂತೆ ಸರಕಾರವು ಈ ದಸರಾ ರಜೆ ಮುಗಿಯುವುದರೊಳಗೆ ಆಜ್ಞೆ ಹೊರಡಿಸಲಿ.