ಕಡಲಿಗೆ ಬೆಳಗ್ಗೆಯೇ ಹೊರಡಿ
ಬೇಸಿಗೆ ರಜೆಗೆಂದು ಮಲ್ಪೆಗೆ ಬಂದವರು ನಡುಮಧ್ಯಾಹ್ನ ಮರಳಿಗಿಳಿದು, ಅಂಗಾಲು ಸುಟ್ಟುಕೊಂಡು, 'ಎಂಥ ಸೆಕೆ ಮಾರಾಯ್ರೆ' ಎಂದು ಗೊಣಗುತ್ತಾರೆ. ಊರಿನವರು ಆ ಹೊತ್ತಿಗೆ ಕುಚ್ಚಲಕ್ಕಿ ಗಂಜಿ ಉಂಡು ಫ್ಯಾನಿನಡಿ ಅಡ್ಡಾಗಿರುತ್ತಾರೆ, ಜಾಣತನ ಅದೇ. ಬೆಳಗ್ಗೆಯೇ ದೋಣಿ ಹಿಡಿದು ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಲಾವಾ ತಣಿದು ಬಿರಿದು ಕಂಬಕಂಬವಾಗಿ ನಿಂತಿದೆ. ಹೆಚ್ಚಿನವಕ್ಕೆ ಐದೋ ಆರೋ ಮುಖ, ಬೆರಳಾಡಿಸಿ ಎಣಿಸಬಹುದು. ಭಾರತ ಮಡಗಾಸ್ಕರಿನಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಲ್ಲು. (ಅದರ ಮೇಲೂ ಹೆಸರು ಗೀಚುವವರಿಗೆ ಏನು ಹೇಳೋಣ!) ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಚಪ್ಪಲಿ ಕಾಲಲ್ಲಿರಲಿ. ಸಂಜೆಗೆ ಬಿಸಿ ಗೋಳಿಬಜೆ, ಒಂದು ಬೊಂಡ ಸಾಕು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಹೋಗುವುದಾದರೆ ಜೂನ್‌ಗೆ ಮೊದಲೇ ಹೋಗಿಬನ್ನಿ.